ನಸುಕಿನಲ್ಲಿ ಅಳೆಯಬೇಕಾದ ಉಸಿರು

ಏಪ್ರಿಲ್ ತಿಂಗಳ ಒಂದು ಬೆಳಗಿನ ಜಾವ. ನೀರು ಕುಡಿಯಲೆಂದು ಎದ್ದವನು ನಡುಮನೆಯ ದೀಪ ಹಾಕಿದೆ. ಎರಡಡಿ ಉದ್ದದ ಟ್ಯಾಂಕಿನಲ್ಲಿದ್ದ ನಾಲ್ಕೂ ಗೋಲ್ಡ್‌ಫಿಶ್‌ಗಳು ಮೇಲಕ್ಕೆ ಬಂದು, ನೀರಿನ ಅಂಚಿಗೆ ಬಾಯಿ ಹಚ್ಚಿ ನಿಂತಿದ್ದವು. ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಕಿವಿರುಗಳು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದವು. ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ವಿಷಯ ಹೇಳಿದೆ. "ಆಕ್ಸಿಜನ್ ಕಮ್ಮಿ ಆಗಿದೆ ಸಾರ್. ದೊಡ್ಡ ಏರ್ ಪಂಪ್ ಹಾಕಿ, ಸರಿಹೋಗತ್ತೆ" ಅಂದರು. ನನಗೂ ಹಾಗೇ ಅನ್ನಿಸಿತ್ತು. ಪಂಪ್ ತಂದೆ. ಗುಳ್ಳೆಗಳು ಅನ್ನದ ಎಸರಿನಂತೆ ಕುದಿದವು. ಮೀನುಗಳು ಮಾತ್ರ ಕೆಳಗಿಳಿಯಲಿಲ್ಲ. ಮೂರನೆಯ ದಿನಕ್ಕೆ ಮೂರು ಸತ್ತಿದ್ದವು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಗೆಳೆಯ ಆ ಸಂಜೆ ಒಂದು ಸಣ್ಣ ಪೆಟ್ಟಿಗೆ ಹಿಡಿದು ಬಂದ. ನೀರು ತೆಗೆದು ಪರೀಕ್ಷೆ ಮಾಡಿದ. ಆಕ್ಸಿಜನ್ ಲೀಟರಿಗೆ 6.8 ಮಿಲಿಗ್ರಾಂ ಇತ್ತು. ಬೆಂಗಳೂರಿನ ನೀರಿಗೆ ಅದು ಹೆಚ್ಚುಕಡಿಮೆ ತುಂಬಿದ ಕೊಡ. ಆಮೇಲೆ ನೈಟ್ರೈಟ್ ನೋಡಿದ. ಆ ಬಣ್ಣ ಕಾರ್ಡಿನ ಕೊನೆಯ ಚೌಕವನ್ನೂ ಮೀರಿತ್ತು. ಫಿಲ್ಟರ್ ಹೊಸದು, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿನ್ನೂ ನೆಲೆ ನಿಂತಿರಲಿಲ್ಲ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಸುತ್ತ ಬೇಕಾದಷ್ಟು ಆಮ್ಲಜನಕ ಇದ್ದೂ ಆ ಮೀನುಗಳು ಉಸಿರುಗಟ್ಟಿ ಸತ್ತಿದ್ದವು. ಅವತ್ತು ಅವಕ್ಕೆ ಬೇಕಿದ್ದದ್ದು ಗುಳ್ಳೆಯಲ್ಲ, ನೀರು ಬದಲಾಯಿಸುವುದು ಮತ್ತು ಒಂದಿಷ್ಟು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟನ್ನು ತಡೆಯುತ್ತದೆ.

ಅಂದಿನಿಂದ ನಾನು ಆಮ್ಲಜನಕವನ್ನು ಊಹಿಸುವುದಿಲ್ಲ, ಅಳೆಯುತ್ತೇನೆ. ಈ ಬರಹ ಆ ಅಳತೆಯ ಬಗ್ಗೆ. ಮೀನು ಮೇಲುಸಿರು ಬಿಡುವುದು ಒಂದು ಲಕ್ಷಣ. ಜ್ವರದಂತೆಯೇ ಅದಕ್ಕೂ ಕಾರಣ ಹತ್ತಿರಬಹುದು, ಔಷಧಿ ಎಲ್ಲಕ್ಕೂ ಒಂದೇ ಅಲ್ಲ.

ಒಂದೂಕಾಲು ಲೀಟರ್ ಗಾಳಿ

ಮೊದಲು ಲೆಕ್ಕ ನೋಡೋಣ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ಟ್ಯಾಂಕ್ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ಅದರಲ್ಲಿ ಸುಮಾರು 45 ಲೀಟರ್ ನೀರಿರುತ್ತದೆ. ಲೀಟರಿಗೆ 7 ಮಿಲಿಗ್ರಾಂನಂತೆ ಲೆಕ್ಕ ಹಾಕಿದರೆ ಇಡೀ ಟ್ಯಾಂಕಿನಲ್ಲಿ ಕರಗಿರುವ ಆಮ್ಲಜನಕ 315 ಮಿಲಿಗ್ರಾಂ. ನಾವು ಉಸಿರಾಡುವ ಗಾಳಿಯ ಒಂದೂಕಾಲು ಲೀಟರಿನಲ್ಲಿ ಅಷ್ಟು ಆಮ್ಲಜನಕ ಸಿಗುತ್ತದೆ. ಅಂದರೆ ಒಂದು ನೀರಿನ ಬಾಟಲಿಯಲ್ಲಿ ಹಿಡಿಯುವ ಗಾಳಿಯಷ್ಟೇ ಆ ಇಡೀ ಸಂಸಾರದ ದಾಸ್ತಾನು. ಮೀನು, ಬಸವನಹುಳು, ಫಿಲ್ಟರಿನ ಬ್ಯಾಕ್ಟೀರಿಯಾ, ಜಲ್ಲಿಯ ಸಂದಿಯಲ್ಲಿ ಕೊಳೆಯುತ್ತಿರುವ ಕಾಳು ಎಲ್ಲವೂ ಅದನ್ನೇ ಹಂಚಿಕೊಳ್ಳಬೇಕು. ಹಾಗಾಗಿ ಟ್ಯಾಂಕಿನ ಆಮ್ಲಜನಕವನ್ನು ಕೂಡಿಟ್ಟ ಗಂಟು ಎಂದುಕೊಳ್ಳಬಾರದು. ಅದು ದಿನಗೂಲಿ. ನೀರಿನ ಮೇಲ್ಮೈಯಿಂದ ಗಳಿಗೆ ಗಳಿಗೆಗೂ ಒಳಗೆ ಇಳಿಯುತ್ತಿರಬೇಕು.

ಈ ಇಳಿಯುವಿಕೆ ತೀರಾ ನಿಧಾನ. ಅಲುಗಾಡದ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಮೇಲಿನ ಪದರ ತುಂಬಿಕೊಂಡು ಕೂತರೆ ಕೆಳಗಿನ ಪದರ ಹಸಿದೇ ಇರುತ್ತದೆ. ಏರ್ ಪಂಪಿನ ಗುಳ್ಳೆಗಳೇ ಆಮ್ಲಜನಕವನ್ನು ನೀರಿಗೆ ತುಂಬುತ್ತವೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಒಂದಡಿ ಆಳದ ಟ್ಯಾಂಕಿನಲ್ಲಿ ಗುಳ್ಳೆ ನೀರೊಳಗೆ ಇರುವುದು ಒಂದೆರಡು ಸೆಕೆಂಡು. ಅಷ್ಟರಲ್ಲಿ ಅದು ಕೊಡುವುದು ಕಡಿಮೆ. ಅದರ ದೊಡ್ಡ ಕೆಲಸ ಬೇರೆ: ತಳದ ನೀರನ್ನು ತನ್ನ ಜೊತೆ ಮೇಲಕ್ಕೆ ಎಳೆದು ತರುವುದು, ಮೇಲ್ಮೈಯನ್ನು ಒಡೆದು ಕಲಕುವುದು. ಫಿಲ್ಟರಿನ ಬಾಯಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ ನೀರು ಅಲೆ ಅಲೆಯಾಗಿ ಓಡುವಂತೆ ಮಾಡಿದರೂ ಇದೇ ಕೆಲಸವಾಗುತ್ತದೆ. ಆಹಾರದ ಜಿಡ್ಡು ಮೇಲೆ ಪೊರೆ ಕಟ್ಟಿದ್ದರೆ ಒಂದು ಹಾಳೆ ಟಿಶ್ಯೂ ಕಾಗದವನ್ನು ನೀರಿನ ಮೇಲೆ ಹಾಸಿ ಎತ್ತಿ, ಜಿಡ್ಡು ಅದಕ್ಕೆ ಅಂಟಿಕೊಂಡು ಬರುತ್ತದೆ.

ಊರಿಗೊಂದು ಗರಿಷ್ಠ

ಪರೀಕ್ಷೆಯಲ್ಲಿ ಬಂದ ಸಂಖ್ಯೆಗೆ ಅರ್ಥ ಬರಬೇಕಾದರೆ ಆ ನೀರು ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ಎಷ್ಟೆಂದು ಗೊತ್ತಿರಬೇಕು. ಅದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ನೀರಿನ ಬಿಸಿ, ಊರಿನ ಎತ್ತರ, ನೀರಿನ ಉಪ್ಪು.

ಸಮುದ್ರ ಮಟ್ಟದಲ್ಲಿ, ಸಿಹಿನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ ಲೀಟರಿಗೆ 9.1 ಮಿಲಿಗ್ರಾಂ ಕರಗುತ್ತದೆ. 25 ಡಿಗ್ರಿಗೆ 8.3. 30 ಡಿಗ್ರಿಗೆ 7.6. ಬಿಸಿ ಏರಿದಂತೆ ಪಾತ್ರೆ ಕಿರಿದಾಗುತ್ತದೆ. ಅದೇ ಹೊತ್ತಿಗೆ ಮೀನಿನ ದೇಹದ ವ್ಯಾಪಾರ ಚುರುಕಾಗುತ್ತದೆ. ಹತ್ತು ಡಿಗ್ರಿ ಏರಿದರೆ ಅದಕ್ಕೆ ಬೇಕಾಗುವ ಆಮ್ಲಜನಕ ಸುಮಾರು ದುಪ್ಪಟ್ಟು. ಆದಾಯ ಇಳಿದು ಖರ್ಚು ಏರಿದ ಮನೆಯ ಪರಿಸ್ಥಿತಿ ಅದು. ಬೇಸಿಗೆಯಲ್ಲೇ ಟ್ಯಾಂಕುಗಳು ಹೆಚ್ಚು ಸಾವು ನೋಡಲು ಇದೂ ಒಂದು ಕಾರಣ.

ಎತ್ತರದ ಲೆಕ್ಕವನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಪ್ರತಿ ನೂರು ಮೀಟರಿಗೆ ಗರಿಷ್ಠ ಪ್ರಮಾಣ ಶೇ. 1ಕ್ಕಿಂತ ತುಸು ಹೆಚ್ಚು ಇಳಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮಂಗಳೂರಿಗಿಂತ ಶೇ. 10ರಷ್ಟು ಕಡಿಮೆ. 25 ಡಿಗ್ರಿಯಲ್ಲಿ ಬೆಂಗಳೂರಿನ ನೀರು ಹೆಚ್ಚೆಂದರೆ 7.4 ಹಿಡಿಯುತ್ತದೆ, 28 ಡಿಗ್ರಿಯಲ್ಲಿ 7. ಪರದೇಶದ ಪುಸ್ತಕದಲ್ಲಿ 8 ಇರಬೇಕು ಎಂದು ಓದಿ, ಬೆಂಗಳೂರಿನಲ್ಲಿ ಕೂತು ಅದನ್ನು ಮುಟ್ಟಲು ಪಂಪಿನ ಮೇಲೆ ಪಂಪ್ ಹಾಕುವುದು ವ್ಯರ್ಥ. ಸಮುದ್ರದ ಮೀನು ಸಾಕುವವರಿಗೆ ಇನ್ನೊಂದು ಕಡಿತವಿದೆ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಹಿಡಿಯುತ್ತದೆ.

ಕನಿಷ್ಠ ಎಷ್ಟಿರಬೇಕು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೀನುಗಾರಿಕೆಗೆ ಯೋಗ್ಯವಾದ ನೀರಿಗೆ ಲೀಟರಿಗೆ 4 ಮಿಲಿಗ್ರಾಂ ಎಂಬ ಕೆಳಗೆರೆ ಎಳೆದಿದೆ. ಅದು ಕೆರೆ, ನದಿಗಳ ಮಾತು. ಕೆರೆಯ ಮೀನು ಉಸಿರು ಕಟ್ಟಿದರೆ ಬೇರೆ ಕಡೆಗೆ ಈಜಬಹುದು, ಗಾಜಿನ ಪೆಟ್ಟಿಗೆಯ ಮೀನಿಗೆ ಆ ದಾರಿಯಿಲ್ಲ. ಆದ್ದರಿಂದ ಮನೆಯ ಟ್ಯಾಂಕಿಗೆ 5ಕ್ಕಿಂತ ಕೆಳಗೆ ಎಂದೂ ಇಳಿಯಬಾರದು ಎಂಬುದು ನಾನು ಇಟ್ಟುಕೊಂಡ ಗೆರೆ. 3ರ ಹತ್ತಿರ ಬಂದರೆ ಹೆಚ್ಚಿನ ಮೀನುಗಳು ಬಳಲುತ್ತವೆ, 2ರ ಕೆಳಗೆ ಸಾವು ಶುರುವಾಗುತ್ತದೆ.

ಎಲ್ಲ ಮೀನಿಗೂ ಒಂದೇ ಗೆರೆಯಲ್ಲ ಎನ್ನುವುದೂ ನಿಜ. ಫೈಟರ್ ಮತ್ತು ಗೌರಾಮಿಗಳಿಗೆ ತಲೆಯಲ್ಲಿ ಗಾಳಿ ಹಿಡಿಯುವ ವಿಶೇಷ ಅಂಗವಿದೆ. ಅವು ಮೇಲೆ ಬಂದು ಗಾಳಿ ಗುಟುಕರಿಸುವುದು ಅವುಗಳ ಸಹಜ ಸ್ವಭಾವ. ತಳದಲ್ಲಿ ಓಡಾಡುವ ಕೋರಿಡೋರಸ್ ಕೂಡ ಆಗಾಗ ಸರ್ರನೆ ಮೇಲೆ ಬಂದು ಒಂದು ಗುಟುಕು ನುಂಗಿ ಇಳಿಯುತ್ತದೆ. ಇನ್ನೊಂದು ತುದಿಯಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬ್ ಇದೆ. ಅಂಗಡಿಯಲ್ಲಿ ಮಿಸ್ ಕೇರಳ ಎಂದು ಕರೆಯುವ, ಕೆಂಪು ಗೆರೆಯ ಆ ಸುಂದರ ಮೀನು ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳದ್ದು, ಅಳಿವಿನಂಚಿನ ಪಟ್ಟಿಯಲ್ಲಿರುವುದು. ಬಂಡೆಗಳ ನಡುವೆ ನೊರೆಯೇಳುತ್ತಾ ಹರಿಯುವ ನೀರಿಗೆ ಒಗ್ಗಿದ ಅದಕ್ಕೆ 5 ಸಾಲದು. ಅದನ್ನು ಸಾಕುವವರು ಊರಿನ ಗರಿಷ್ಠದ ಹತ್ತಿರವೇ ಇರಬೇಕು, ನೀರಿನ ಹರಿವೂ ಜೋರಾಗಿರಬೇಕು.

ನೀರು ತೆಗೆಯುವುದೇ ಅರ್ಧ ಪರೀಕ್ಷೆ

ಅಂಗಡಿಯಲ್ಲಿ ಸಿಗುವ, ನೀರಿಗೆ ಅದ್ದಿ ತೆಗೆಯುವ ಕಾಗದದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಪಿಎಚ್, ಗಡಸುತನ, ನೈಟ್ರೈಟ್, ನೈಟ್ರೇಟ್, ಕ್ಲೋರಿನ್ ಇರುತ್ತವೆ. ಕರಗಿದ ಆಮ್ಲಜನಕ ಇರುವುದಿಲ್ಲ. ಮನೆಯ ಆರ್‌ಒ ನೀರು ನೋಡಲು ಬಳಸುವ ಟಿಡಿಎಸ್ ಪೆನ್ನೂ ಆಮ್ಲಜನಕದ ಬಗ್ಗೆ ಏನನ್ನೂ ಹೇಳದು. ಇದಕ್ಕೆ ಬೇರೆಯೇ ಕಿಟ್ ಬೇಕು, ಇಲ್ಲವೇ ಮೀಟರ್ ಬೇಕು.

ಕಿಟ್ ಯಾವುದೇ ಇರಲಿ, ನೀರನ್ನು ತೆಗೆಯುವ ರೀತಿ ತಪ್ಪಿದರೆ ಮುಂದಿನದ್ದೆಲ್ಲ ದಂಡ. ಬೇರೆ ಪರೀಕ್ಷೆಗಳಿಗೆ ಮಗ್ಗಿನಲ್ಲಿ ನೀರು ಎತ್ತಿ ಸುರಿದುಕೊಂಡರೆ ನಡೆಯುತ್ತದೆ. ಇಲ್ಲಿ ಸುರಿಯುವಾಗಲೇ ಗಾಳಿ ಸೇರಿಬಿಡುತ್ತದೆ. ಅಳೆದದ್ದು ಟ್ಯಾಂಕನ್ನೋ ನಿಮ್ಮ ಅಡುಗೆಮನೆಯ ಗಾಳಿಯನ್ನೋ ತಿಳಿಯದು. ಪ್ಲಾಸ್ಟಿಕ್ ಕವರಿನಲ್ಲಿ ನೀರು ಕಟ್ಟಿಕೊಂಡು ಅಂಗಡಿಗೆ ಒಯ್ದು "ಆಕ್ಸಿಜನ್ ನೋಡಿ ಕೊಡಿ" ಎನ್ನುವುದೂ ಹಾಗೆಯೇ. ದಾರಿಯುದ್ದಕ್ಕೂ ಬೈಕಿನಲ್ಲಿ ಕುಲುಕಿದ ಆ ನೀರು ಟ್ಯಾಂಕಿನ ನೀರಾಗಿ ಉಳಿದಿರುವುದಿಲ್ಲ.

ಸರಿಯಾದ ದಾರಿ ಇದು. ಕಿಟ್ಟಿನ ಜೊತೆ ಬರುವ ಗಾಜಿನ ಬಾಟಲಿಯನ್ನು ಟ್ಯಾಂಕಿನ ನೀರಿನಲ್ಲೇ ಒಂದೆರಡು ಸಲ ತೊಳೆಯಿರಿ. ಏರ್ ಪಂಪಿನ ಸಣ್ಣ ಪೈಪನ್ನು ಟ್ಯಾಂಕಿನ ನಡು ಆಳಕ್ಕೆ ಇಳಿಸಿ. ಗುಳ್ಳೆ ಏಳುವ ಕಡೆ ಬೇಡ, ಅದಕ್ಕೆ ದೂರದ, ನೀರು ಹೆಚ್ಚು ಓಡಾಡದ ಮೂಲೆ ಇರಲಿ. ಪೈಪಿನ ಇನ್ನೊಂದು ತುದಿ ಬಾಟಲಿಯ ತಳ ಮುಟ್ಟಬೇಕು. ಪೈಪಿನ ಮೂಲಕ ನೀರು ಸದ್ದಿಲ್ಲದೆ ತಳದಿಂದ ಮೇಲೇರಲಿ. ತುಂಬಿದ ಮೇಲೂ ನಿಲ್ಲಿಸಬೇಡಿ, ಬಾಟಲಿಯ ಎರಡರಷ್ಟು ನೀರು ಹೊರಚೆಲ್ಲಲಿ. ಕೆಳಗೆ ಒಂದು ತಟ್ಟೆ ಇಟ್ಟುಕೊಂಡರಾಯಿತು. ಗಾಳಿ ಮುಟ್ಟಿದ ಮೊದಲ ನೀರು ಹೀಗೆ ಹೊರಗೆ ಹೋಗುತ್ತದೆ. ಪೈಪನ್ನು ನಿಧಾನವಾಗಿ ಹೊರಗೆಳೆದು ಮುಚ್ಚಳ ಓರೆ ಮಾಡಿ ಹಾಕಿ. ಬಾಟಲಿಯನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿಯಿರಿ. ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಿ.

ನೀರಿನ ಬಿಸಿಯನ್ನು ಅದೇ ಕ್ಷಣ ಬರೆದುಕೊಳ್ಳಿ. ಗಂಟೆಯನ್ನೂ.

ಕಂದು, ಹೊನ್ನು, ನೀಲಿ

ಹನಿ ಹಾಕುವ ಕಿಟ್ಟುಗಳಲ್ಲಿ ಹೆಚ್ಚಿನವುಗಳ ಹಿಂದೆ ಇರುವುದು ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ. ಬುಡಾಪೆಸ್ಟಿನಲ್ಲಿ ಅದನ್ನು ರೂಪಿಸಿದಾಗ ಆತನಿಗೆ ಇಪ್ಪತ್ತೈದರ ಹರೆಯ. ಇಂದಿಗೂ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಮಾಡುವುದು ಅದನ್ನೇ. ಅದರ ಬುದ್ಧಿವಂತಿಕೆ ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ. ಕಣ್ಣಿಗೆ ಕಾಣದ, ಓಡಿಹೋಗುವ ಅನಿಲವನ್ನು ಬಾಟಲಿಯೊಳಗೇ ಕಟ್ಟಿಹಾಕಿ, ಅದಕ್ಕೆ ಬಣ್ಣ ಕೊಟ್ಟು, ಆಮೇಲೆ ನಿಧಾನವಾಗಿ ಎಣಿಸುವುದು.

ಮೊದಲು ಮ್ಯಾಂಗನೀಸ್ ಲವಣದ ಹನಿ, ಅದರ ಬೆನ್ನಿಗೇ ಕ್ಷಾರದಲ್ಲಿ ಕಲಸಿದ ಅಯೋಡೈಡಿನ ಹನಿ. ಎರಡನ್ನೂ ಹಾಕುವಾಗ ಹನಿಗೊಳವೆಯ ತುದಿ ನೀರಿನ ಮಟ್ಟದಿಂದ ತುಸು ಕೆಳಗಿರಲಿ. ಒಂದಿಷ್ಟು ನೀರು ಹೊರಚೆಲ್ಲುತ್ತದೆ, ಪರವಾಗಿಲ್ಲ. ಮುಚ್ಚಳ ಹಾಕಿ ಬಾಟಲಿಯನ್ನು ಮೇಲೆ ಕೆಳಗೆ ಮಾಡಿದೊಡನೆ ಒಳಗೆ ಹಾಲು ಒಡೆದಂತೆ ಹಿಂಜುಹಿಂಜಾಗುತ್ತದೆ. ಆಮ್ಲಜನಕ ಇದ್ದಷ್ಟೂ ಆ ಹಿಂಜು ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ಪರೀಕ್ಷೆ ಇನ್ನೂ ಮುಗಿದಿರದಿದ್ದರೂ ಈ ಹಂತದಲ್ಲೇ ಅನುಭವಿಗಳು ಅರ್ಧ ಉತ್ತರ ಓದಿಬಿಡುತ್ತಾರೆ. ಕಾಫಿಪುಡಿಯ ಬಣ್ಣ ಬಂದರೆ ನೆಮ್ಮದಿ, ಮಾಸಲು ಕೆನೆಯ ಬಣ್ಣವಾದರೆ ಕೂಡಲೇ ಎದ್ದು ನೀರು ಕಲಕಬೇಕು. ಹಿಂಜು ಅರ್ಧ ಬಾಟಲಿಗೆ ಇಳಿಯುವವರೆಗೆ ಕಾಯಿರಿ. ಇನ್ನೊಮ್ಮೆ ಅಲ್ಲಾಡಿಸಿ, ಮತ್ತೆ ಇಳಿಯಲು ಬಿಡಿ. ಅವಸರ ಮಾಡಿದವರಿಗೆ ಇಲ್ಲಿ ಸಂಖ್ಯೆ ಕಡಿಮೆ ಬರುತ್ತದೆ.

ಆಮೇಲೆ ಆಮ್ಲ. ಕೆಲವು ಹನಿ ಬಿದ್ದು ಅಲ್ಲಾಡಿಸಿದೊಡನೆ ಕಂದು ಹಿಂಜೆಲ್ಲ ಕರಗಿ ಬಾಟಲಿ ತಿಳಿ ಹೊನ್ನಿನ ಬಣ್ಣಕ್ಕೆ ಬರುತ್ತದೆ. ನೀರಿನಲ್ಲಿ ಎಷ್ಟು ಆಮ್ಲಜನಕವಿತ್ತೋ ಅದಕ್ಕೆ ಸರಿಯಾದಷ್ಟು ಅಯೋಡಿನ್ ಈಗ ಬಿಡುಗಡೆಯಾಗಿರುತ್ತದೆ. ಇನ್ನು ಗಾಳಿಯ ಭಯವಿಲ್ಲ, ನೀರನ್ನು ಅಳತೆಯ ಲೋಟಕ್ಕೆ ಸುರಿದುಕೊಳ್ಳಬಹುದು. ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ಹೊನ್ನು ಒಣಹುಲ್ಲಿನ ಬಣ್ಣಕ್ಕೆ ಇಳಿಯುತ್ತದೆ. ಆಗ ಪಿಷ್ಟದ ಒಂದೆರಡು ಹನಿ. ಇಡೀ ಲೋಟ ಕಡುನೀಲಿ. ಮತ್ತೆ ಥಯೋಸಲ್ಫೇಟ್, ಈಗ ಒಂದೊಂದೇ ಹನಿ, ಪ್ರತಿ ಹನಿಗೂ ಲೋಟ ತಿರುಗಿಸುತ್ತಾ. ಒಂದು ಹನಿಯಲ್ಲಿ ನೀಲಿ ಥಟ್ಟನೆ ಮಾಯವಾಗಿ ನೀರು ನೀರಾಗುತ್ತದೆ. ಅಲ್ಲಿ ನಿಲ್ಲಿಸಿ. ಬಿದ್ದ ಹನಿಗಳ ಲೆಕ್ಕವೇ ಉತ್ತರ. ಒಂದು ಹನಿಗೆ ಎಷ್ಟು ಮಿಲಿಗ್ರಾಂ ಎಂಬುದು ಆಯಾ ಕಿಟ್ಟಿನ ಕಾಗದದಲ್ಲಿರುತ್ತದೆ. ಕೆಲವು ನಿಮಿಷದ ಬಳಿಕ ನೀಲಿ ಮತ್ತೆ ತಲೆಯೆತ್ತಿದರೆ ಗಾಬರಿ ಬೇಡ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಕಿಟ್ ಕೊಳ್ಳುವಾಗ ಒಂದನ್ನು ಕೇಳಿ ತಿಳಿದುಕೊಳ್ಳಿ: ಇದರಲ್ಲಿ ಅಜೈಡ್ ಸೇರಿದೆಯೇ? ನೀರಿನಲ್ಲಿ ನೈಟ್ರೈಟ್ ಇದ್ದರೆ ಅದೂ ಆಮ್ಲದಲ್ಲಿ ಅಯೋಡಿನ್ ಬಿಡಿಸುತ್ತದೆ. ಆಗ ಇಲ್ಲದ ಆಮ್ಲಜನಕ ಇದೆಯೆಂದು ಕಾಣುತ್ತದೆ. ಅಜೈಡ್ ಆ ನೈಟ್ರೈಟನ್ನು ಮೊದಲೇ ಕೊನೆಗಾಣಿಸುತ್ತದೆ. ಹೊಸ ಟ್ಯಾಂಕಿನಲ್ಲಿ ಇದು ಅತ್ಯಗತ್ಯ. ನನ್ನ ಗೋಲ್ಡ್‌ಫಿಶ್‌ಗಳ ನೀರನ್ನು ಅಜೈಡ್ ಇಲ್ಲದ ಕಿಟ್ಟಿನಲ್ಲಿ ನೋಡಿದ್ದರೆ ಸಂಖ್ಯೆಯನ್ನು ನಂಬುವಂತೆಯೇ ಇರಲಿಲ್ಲ. ಈ ದ್ರಾವಣಗಳಲ್ಲಿ ಪ್ರಬಲ ಆಮ್ಲ, ಕ್ಷಾರ, ವಿಷ ಮೂರೂ ಇವೆ. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಪರೀಕ್ಷೆ ಮಾಡಿದ ನೀರು ಮತ್ತೆ ಟ್ಯಾಂಕಿಗೆ ಹೋಗಲೇಬಾರದು.

ಹನಿ ಎಣಿಸುವ ಬದಲು ಬಣ್ಣವನ್ನು ಕಾರ್ಡಿಗೆ ಹೋಲಿಸುವ ಕಿಟ್ಟುಗಳೂ ಇವೆ. ಕೆಲಸ ಬೇಗ ಮುಗಿಯುತ್ತದೆ, ನಿಖರತೆ ಕಡಿಮೆ. 3 ಇದೆಯೋ 7 ಇದೆಯೋ ಎಂದು ತಿಳಿಯಲು ಸಾಕು, 6ಕ್ಕೂ 7ಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ನೋಡಿ. ಟ್ಯಾಂಕಿನಲ್ಲಿ ಮರದ ಕೊರಡು ಹಾಕಿ ನೀರು ಚಹಾ ಬಣ್ಣಕ್ಕೆ ತಿರುಗಿದ್ದರೆ ಕಾರ್ಡು ಮೋಸ ಮಾಡುತ್ತದೆ.

ಮೀಟರ್ ಕೊಳ್ಳುವವರಿಗೆ

ಮೀಟರುಗಳಲ್ಲಿ ಎರಡು ಜಾತಿ. ಒಂದು, ಅಮೆರಿಕದ ಲೇಲ್ಯಾಂಡ್ ಕ್ಲಾರ್ಕ್ ರಕ್ತದ ಆಮ್ಲಜನಕ ಅಳೆಯಲೆಂದು ರೂಪಿಸಿ 1956ರಲ್ಲಿ ಪ್ರಕಟಿಸಿದ ಎಲೆಕ್ಟ್ರೋಡಿನ ವಂಶದ್ದು. ತೆಳು ಪೊರೆ, ಅದರ ಹಿಂದೆ ಉಪ್ಪಿನ ದ್ರಾವಣ, ಒಳಗೆ ಲೋಹದ ತುದಿಗಳು. ಪೊರೆ ದಾಟಿ ಬಂದ ಆಮ್ಲಜನಕವನ್ನು ಅದು ಖರ್ಚು ಮಾಡುತ್ತಲೇ ಅಳೆಯುತ್ತದೆ. ಆದ್ದರಿಂದ ನಿಂತ ನೀರಿನಲ್ಲಿ ಸುಮ್ಮನೆ ಹಿಡಿದರೆ ತನ್ನ ಸುತ್ತಲಿನದನ್ನೆಲ್ಲ ತಾನೇ ತಿಂದು, ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಅದನ್ನು ನಿಧಾನವಾಗಿ ಆಡಿಸುತ್ತಿರಬೇಕು. ಇನ್ನೊಂದು, ಬೆಳಕಿನಿಂದ ಅಳೆಯುವುದು. ನೀಲಿ ಬೆಳಕು ಬಿದ್ದಾಗ ಮಿನುಗುವ ಲೇಪವೊಂದರ ಮಿನುಗನ್ನು ಆಮ್ಲಜನಕ ಎಷ್ಟು ಬೇಗ ನಂದಿಸುತ್ತದೆ ಎಂಬುದರ ಮೇಲೆ ಅದರ ಲೆಕ್ಕ. ಆಡಿಸಬೇಕಿಲ್ಲ, ದ್ರಾವಣ ತುಂಬಬೇಕಿಲ್ಲ, ಬೆಲೆ ಮಾತ್ರ ಹೆಚ್ಚು. ಒಂದೆರಡು ಟ್ಯಾಂಕ್ ಇರುವ ಮನೆಗೆ ಹನಿಯ ಕಿಟ್ಟೇ ಸಾಕೆಂಬುದು ನನ್ನ ಅಭಿಪ್ರಾಯ. ಮೀನು ಮರಿ ಮಾಡಿ ಮಾರುವವರಿಗೆ ಮೀಟರ್ ಬೇಕಾಗುತ್ತದೆ.

ಮೀಟರ್ ಇದ್ದವರಿಗೆ ಒಂದು ಎಚ್ಚರಿಕೆ. ಹೊಂದಿಸುವಾಗ ಅದು ಗಾಳಿಯ ಒತ್ತಡ ಕೇಳುತ್ತದೆ. ಮೊಬೈಲಿನ ಹವಾಮಾನದ ಆಪ್ ತೋರಿಸುವ 1012, 1014 ಎಂಬ ಅಂಕಿಗಳನ್ನು ಸಮುದ್ರ ಮಟ್ಟಕ್ಕೆ ಹೊಂದಿಸಿ ಕೊಟ್ಟಿರುತ್ತಾರೆ. ಬೆಂಗಳೂರಿನ ನಿಜವಾದ ಒತ್ತಡ 910ರ ಆಸುಪಾಸಿನದು. ಆಪಿನ ಅಂಕಿ ಕೊಟ್ಟರೆ ನಿಮ್ಮ ಮೀಟರ್ ಎಂದೆಂದಿಗೂ ಶೇ. 10ರಷ್ಟು ಹೆಚ್ಚಿಗೆ ಹೇಳುತ್ತಲೇ ಇರುತ್ತದೆ. ಎತ್ತರ ಕೇಳುವ ಮೀಟರಾದರೆ ನೇರವಾಗಿ 920 ಮೀಟರ್ ಎಂದು ಕೊಟ್ಟುಬಿಡಿ.

ಕಿಟ್ಟಾಗಲಿ ಮೀಟರಾಗಲಿ ಸರಿ ಇದೆಯೇ ಎಂದು ನೋಡಲು ಮನೆಯಲ್ಲೇ ಒಂದು ದಾರಿಯಿದೆ. ಬಾಟಲಿಗೆ ಅರ್ಧ ನೀರು ಹಾಕಿ ಎರಡು ನಿಮಿಷ ಮಜ್ಜಿಗೆ ಕಡೆದಂತೆ ಜೋರಾಗಿ ಕುಲುಕಿ, ನಡುವೆ ಒಂದೆರಡು ಸಲ ಮುಚ್ಚಳ ತೆಗೆದು ಹೊಸ ಗಾಳಿ ಬಿಡಿ. ಸಣ್ಣ ಗುಳ್ಳೆಗಳೆಲ್ಲ ಮೇಲೆ ಹೋಗುವವರೆಗೆ ಕೆಲವು ನಿಮಿಷ ಇಡಿ. ಈ ನೀರಿನಲ್ಲಿ ಆ ಊರಿನ, ಆ ಬಿಸಿಯ ಗರಿಷ್ಠ ತುಂಬಿರುತ್ತದೆ. ಬೆಂಗಳೂರಿನಲ್ಲಿ 25 ಡಿಗ್ರಿಯ ನೀರು 7.4ರ ಹತ್ತಿರ ತೋರಿಸಬೇಕು. 5 ತೋರಿಸಿದರೆ ದ್ರಾವಣ ಹಳೆಯದಾಗಿದೆ ಎಂದೇ ತಿಳಿಯಿರಿ.

ಎರಡು ಹೊತ್ತಿನ ಅಳತೆ

ಈಗ ಮುಖ್ಯ ವಿಷಯ. ಯಾವಾಗ ಅಳೆಯಬೇಕು? ಹೆಚ್ಚಿನವರು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಲೈಟು ಉರಿಯುತ್ತಿರುವಾಗ ಅಳೆಯುತ್ತಾರೆ. ಗಿಡಗಳಿರುವ ಟ್ಯಾಂಕಿನಲ್ಲಿ ಅದು ಅತ್ಯುತ್ತಮ ಹೊತ್ತು. ಎಲೆಯ ತುದಿಗಳಿಂದ ಗುಳ್ಳೆ ಮುತ್ತಿನಂತೆ ಏಳುತ್ತಿರುತ್ತವೆ, ಸಂಖ್ಯೆ ಗರಿಷ್ಠವನ್ನೂ ದಾಟಿರಬಹುದು. ಆದರೆ ಗಿಡ ಆಮ್ಲಜನಕ ಕೊಡುವುದು ಬೆಳಕಿರುವಾಗ ಮಾತ್ರ. ಉಸಿರಾಡುವುದು ಹಗಲೂ ರಾತ್ರಿಯೂ. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ, ಕೊಳೆತ ಎಲೆ ತಿನ್ನಲು ಬಸವನಹುಳು ಇವನ್ನು ಒಂದೇ ಪಾತ್ರೆಯಲ್ಲಿ ಬದುಕಿಸಿ ತೋರಿಸಿದ ಮೇಲೆ ಗಿಡವಿದ್ದರೆ ಮೀನಿಗೆ ಚಿಂತೆಯಿಲ್ಲ ಎಂಬ ನಂಬಿಕೆ ಬೆಳೆಯಿತು. ಆತನ ಪ್ರಯೋಗ ಸರಿಯೇ. ಆದರೆ ಆ ಪಾತ್ರೆಯಲ್ಲಿ ಇದ್ದದ್ದು ಎರಡೇ ಮೀನು. ದೀಪ ಆರಿದ ಮೇಲೆ ಮೀನು, ಗಿಡ, ಪಾಚಿ, ಬ್ಯಾಕ್ಟೀರಿಯಾ ಎಲ್ಲವೂ ತೆಗೆಯುವವರೇ. ನಸುಕಿನ ಹೊತ್ತಿಗೆ ಆಮ್ಲಜನಕ ತಳ ಮುಟ್ಟಿರುತ್ತದೆ. ಕೆರೆಗಳಲ್ಲೂ ಇದೇ ಕತೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಬೆಂಗಳೂರಿನವರು ಮರೆತಿರಲಾರರು. ಕೊಳಚೆ ಸೇರಿ ಆಮ್ಲಜನಕ ಬರಿದಾದ ನೀರಿನ ಚಿತ್ರ ಅದು.

ಆದ್ದರಿಂದ ಎರಡು ಸಲ ಅಳೆಯಬೇಕು. ಸಂಜೆ ದೀಪ ಆರಿಸುವ ಮುನ್ನ ಒಮ್ಮೆ, ಮರುದಿನ ನಸುಕಿನಲ್ಲಿ ದೀಪ ಹಾಕುವ ಮುನ್ನ ಇನ್ನೊಮ್ಮೆ. ಎರಡನ್ನೂ ಪಕ್ಕಪಕ್ಕ ಬರೆಯಿರಿ. ಸಂಜೆ 8, ನಸುಕಿಗೆ 4 ಆದರೆ ರಾತ್ರಿಯ ಖರ್ಚು ಮಿತಿಮೀರಿದೆ. ಗಿಡ ದಟ್ಟವಾಗಿದೆ, ಪಾಚಿ ಹೆಚ್ಚಿದೆ, ಇಲ್ಲವೇ ಜಲ್ಲಿಯ ತುಂಬ ಕೊಳೆ. ರಾತ್ರಿ ಹೊತ್ತು ಏರ್ ಪಂಪ್ ಓಡಿಸಿದರೆ ಸಾಕಾಗಬಹುದು. ಗಿಡಕ್ಕೆ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡುವವರು ಅದನ್ನು ದೀಪದ ಜೊತೆಗೇ ನಿಲ್ಲಿಸಬೇಕು. ಸಂಜೆಯೂ 4, ನಸುಕಿಗೂ 4 ಆಸುಪಾಸು ಇದ್ದರೆ ತೊಂದರೆ ಮೇಲ್ಮೈಯಲ್ಲಿದೆ ಅಥವಾ ಮೀನಿನ ಸಂಖ್ಯೆಯಲ್ಲಿದೆ: ನೀರು ಅಲುಗುತ್ತಿಲ್ಲ, ಗಾಜಿನ ಮುಚ್ಚಳ ಬಿಗಿಯಾಗಿ ಕೂತಿದೆ, ಜಿಡ್ಡಿನ ಪೊರೆ ಇದೆ ಅಥವಾ ಮೀನು ಹೆಚ್ಚಾಗಿವೆ. ಎರಡೂ ಹೊತ್ತು 6ಕ್ಕಿಂತ ಮೇಲಿದ್ದು ಮೀನು ಇನ್ನೂ ಮೇಲುಸಿರು ಬಿಡುತ್ತಿದ್ದರೆ ಆಮ್ಲಜನಕವನ್ನು ಬಿಟ್ಟು ಬೇರೆ ಕಡೆ ನೋಡಿ. ಅಮೋನಿಯಾ, ನೈಟ್ರೈಟ್, ನಲ್ಲಿ ನೀರಿನ ಕ್ಲೋರಿನ್, ಹೆಚ್ಚಾದ ಇಂಗಾಲದ ಡೈಆಕ್ಸೈಡ್, ಕಿವಿರಿಗೆ ಅಂಟಿದ ಪರೋಪಜೀವಿ, ಇವುಗಳಲ್ಲಿ ಯಾವುದೂ ಇರಬಹುದು.

ಕೊಳೆಯ ಪಾಲು ಎಷ್ಟೆಂದು ತಿಳಿಯಬೇಕೆನಿಸಿದರೆ ರಾತ್ರಿ ಒಂದೇ ಸಲಕ್ಕೆ ಎರಡು ಬಾಟಲಿ ತುಂಬಿ. ಒಂದನ್ನು ಆಗಲೇ ಪರೀಕ್ಷಿಸಿ, ಇನ್ನೊಂದನ್ನು ಗುಳ್ಳೆಯಿಲ್ಲದೆ ಮುಚ್ಚಿ, ಕಪ್ಪು ಬಟ್ಟೆ ಸುತ್ತಿ ಟ್ಯಾಂಕಿನ ಪಕ್ಕದಲ್ಲೇ ಇಟ್ಟು ಬೆಳಗ್ಗೆ ಪರೀಕ್ಷಿಸಿ. ಮೀನೂ ಗಿಡವೂ ಇಲ್ಲದ ಆ ಬಾಟಲಿಯಲ್ಲಿ ಇಳಿದದ್ದೆಲ್ಲ ನೀರಿನಲ್ಲಿ ತೇಲುವ ಕೊಳೆ ಮತ್ತು ಸೂಕ್ಷ್ಮಜೀವಿಗಳು ತಿಂದದ್ದು. ಚರಂಡಿ ನೀರಿಗೆ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಮಾಡುವ ಬಿಒಡಿ ಪರೀಕ್ಷೆಯ ಮನೆಯ ರೂಪ ಇದು. ಒಂದೇ ರಾತ್ರಿಗೆ 2 ಮಿಲಿಗ್ರಾಂ ಇಳಿದಿದ್ದರೆ ಆಹಾರ ಕಡಿಮೆ ಮಾಡಿ, ಜಲ್ಲಿಯ ಕೊಳೆಯನ್ನು ಪೈಪಿನಿಂದ ಎಳೆಯಿರಿ.

ಪ್ರತಿವಾರ ಅಳೆಯಬೇಕಿಲ್ಲ. ಹೊಸ ಮೀನು ಬಿಟ್ಟಾಗ, ಬೇಸಿಗೆ ಶುರುವಾದಾಗ, ಫಿಲ್ಟರ್ ಬದಲಿಸಿದಾಗ, ಔಷಧಿ ಹಾಕಿದಾಗ ಅಳೆಯಿರಿ. ಫಾರ್ಮಲಿನ್ ಇರುವ ಔಷಧಿ ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ. ಅದನ್ನು ಹಾಕಿದ ರಾತ್ರಿ ಏರ್ ಪಂಪ್ ಒಂದು ಗಳಿಗೆಯೂ ನಿಲ್ಲಬಾರದು. ಕೊಳವೆಬಾವಿಯ ನೀರಿನಲ್ಲಿ ಹೆಚ್ಚಾಗಿ ಆಮ್ಲಜನಕ ಕಡಿಮೆ ಇರುತ್ತದೆ. ಅದನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ಏರ್ ಸ್ಟೋನ್ ಹಾಕಿಟ್ಟು ಬೆಳಗ್ಗೆ ಬಳಸಿ.

ಕರೆಂಟ್ ಹೋದಾಗ ಅಳೆಯುತ್ತಾ ಕೂರಬೇಡಿ. ಆಹಾರ ನಿಲ್ಲಿಸಿ, ಮಗ್ಗಿನಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಅದೇ ಟ್ಯಾಂಕಿಗೆ ಸುರಿಯಿರಿ, ಐದು ನಿಮಿಷ ಸುರಿದು ಅರ್ಧ ಗಂಟೆ ಬಿಡಿ. ಸಣ್ಣ ಏರ್ ಪಂಪ್ ಎಳೆಯುವುದು ಕೆಲವೇ ವ್ಯಾಟ್, ಮನೆಯ ಯುಪಿಎಸ್‌ಗೆ ಅದನ್ನು ಸೇರಿಸುವುದು ಭಾರವಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲವೇ ಪೈಪಿನಲ್ಲಿ ವಾಲ್ವ್ ಇರಲಿ, ಇಲ್ಲದಿದ್ದರೆ ಪಂಪ್ ನಿಂತೊಡನೆ ನೀರು ಹಿಂದಕ್ಕೆ ಹರಿದು ನೆಲಕ್ಕಿಳಿಯುತ್ತದೆ. ಮುಚ್ಚಿದ ಡಬ್ಬಿಯ ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ಬ್ಯಾಕ್ಟೀರಿಯಾ ಉಸಿರಿಲ್ಲದೆ ಸಾಯುತ್ತಿರುತ್ತವೆ, ನೀರು ನಾರುತ್ತದೆ. ಕರೆಂಟ್ ಬಂದೊಡನೆ ಸ್ವಿಚ್ ಹಾಕದೆ ಮೊದಲು ಬಿಚ್ಚಿ ಆ ನೀರನ್ನು ಚೆಲ್ಲಿ.

ಉಳಿದ ಆ ಒಂದು ಗೋಲ್ಡ್‌ಫಿಶ್ ಇನ್ನೂ ನಮ್ಮ ಮನೆಯಲ್ಲಿದೆ. ಟ್ಯಾಂಕಿನ ಪಕ್ಕದ ಗೂಟಕ್ಕೆ ನೇತುಹಾಕಿದ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ನಾನು ಸಂಜೆಯ ಮತ್ತು ನಸುಕಿನ ಸಂಖ್ಯೆಗಳನ್ನು ಬರೆಯುತ್ತೇನೆ. ಕೊನೆಯ ಸಾಲಿನಲ್ಲಿ 26 ಡಿಗ್ರಿ, 7.1, 6.2 ಎಂದಿದೆ.